ತಿದ್ದುಪಡಿಯಲ್ಲಿದೆ

ಬೆಳಗಿನ ಜಾವ ಉಸಿರು ನಿಂತ ಅಮ್ಮನನ್ನು ಎಡಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದಾಗ ಬಾಗಿಲಾಚೆಯಿಂದ ಗಂಡಸಿನ ದನಿಯೊಂದು ಕುರ್ಚಿ ಕೇಳಿತು.

"ನಿಂತ್ಕೊಂಡೇ ಇರ್ಬಹುದಿತ್ತು. ಹೊತ್ತಾಗುತ್ತೇನೋ ಅಂತ ಕೇಳ್ದೆ, ಅಷ್ಟೆ."

ಮಗಳ ಕೈಯಲ್ಲಿದ್ದ ಒದ್ದೆ ಬಟ್ಟೆ ಅಲ್ಲೇ ನಿಂತಿತು. ಎದುರಿಗೆ ಅಮ್ಮನ ಭುಜ ಹಿಡಿದು ಕೂತಿದ್ದವಳು ಸ್ಟಾಂಪಕ್ಕ. ಕೋರ್ಟಿನ ಜಗಲಿಯಲ್ಲಿ ಅಮ್ಮನ ಟೈಪ್ ಮೆಷಿನ್ನಿನ ಪಕ್ಕದಲ್ಲೇ ಮೂವತ್ತೈದು ವರ್ಷ ಸ್ಟಾಂಪು ಮಾರಿದವಳು. ಒರೆಸು ಒರೆಸು ಎಂದು ಗಲ್ಲದಲ್ಲೇ ಸನ್ನೆ ಮಾಡಿದಳು.

"ಸಮಿತಿಯವನು, ಯಾರ ಧರ್ಮ ಯಾವುದು ಅಂತ ಕಾಯೋರು," ಎಂದಳು ಮೆಲ್ಲಗೆ. "ಡಾಕ್ಟರು ಮೆಟ್ಟಿಲು ಇಳಿಯೋದನ್ನೇ ಕಾಯ್ತಿರ್ತಾನೆ. ಕುರ್ಚಿ ಕೊಟ್ಟು ಬಾ. ಕೊಡದಿದ್ರೆ ಅದನ್ನೂ ಬರ್ಕೋತಾನೆ."

ಮಗಳು ಕುರ್ಚಿ ಹೊತ್ತು ತಂದಳು. ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ ಮುಂದೆ ಬಂದು ತಾನೇ ಇಸಿದುಕೊಂಡ. ಮುಖದಲ್ಲಿ ದುಃಖವನ್ನೂ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿಕೊಂಡಿದ್ದ.

"ಏಳನೇ ಕ್ಲಾಸಿಗೆ ಲೆಕ್ಕ ಹೇಳ್ಕೊಡೋದು ನೀವೇ ಅಲ್ವಾ ಟೀಚರ್? ನಮ್ಮಣ್ಣನ ಮಗಳು ನಿಮ್ಮ ಕ್ಲಾಸೇ. ತುಂಬ ಹೊಗಳ್ತಾಳೆ." ಫೋನನ್ನು ತೊಡೆಯ ಮೇಲಿಟ್ಟುಕೊಂಡ. "ಫಾರಂ ತುಂಬಿದ್ರಾ?"

"ಇನ್ನೂ ಇಲ್ಲ."

"ಒಂದು ಗಂಟೆಗೆ ವಾರ್ಡ್ ಆಫೀಸು ಮುಚ್ತಾರೆ. ನೆನಪಿಸಿದೆ, ಅಷ್ಟೆ."

ಅವಳಿಗೆ ನೆನಪಿಸಬೇಕಾಗಿರಲಿಲ್ಲ. ಬೆಳಗಿನಿಂದ ಆ ಫಾರಂ ಅವಳ ಎದೆಯ ಮೇಲೇ ಕೂತಿತ್ತು. ಎರಡು ವರ್ಷದ ಹಿಂದೆ ಬಂದ ಕಾನೂನು ಅದು. ಸತ್ತವರ ಧರ್ಮ ಯಾವುದೆಂದು ಮನೆಯವರು ಪ್ರಮಾಣ ಮಾಡಿ ಬರೆದುಕೊಡಬೇಕು. ಬರೆದ ಧರ್ಮದ ನೆಲದಲ್ಲೇ ಹೂಳಬೇಕು. ಕಾಲಂ ಖಾಲಿ ಬಿಟ್ಟರೆ ಹೆಣವನ್ನು ಸರ್ಕಾರಿ ಶವಾಗಾರಕ್ಕೆ ಒಯ್ಯುತ್ತಾರೆ. ಮುಂದೆ ಯಾವ ಮಣ್ಣು ಎಂದು ಅವರದೇ ತೀರ್ಮಾನ.

ಅಪ್ಪ ಮಲಗಿರುವುದು ರೈಲು ಹಳಿಯ ಪಕ್ಕದ ನೆಲದಲ್ಲಿ. ಅಮ್ಮ ಹುಟ್ಟಿದ ಧರ್ಮದವರ ನೆಲ ನೀರಿನ ಟ್ಯಾಂಕಿನ ಹತ್ತಿರ. ಅಮ್ಮ ಕೊನೆಯದಾಗಿ ಸ್ಪಷ್ಟವಾಗಿ ಆಡಿದ ಮಾತು, "ಅಪ್ಪನ ಪಕ್ಕ" ಎಂಬ ಎರಡೇ ಶಬ್ದ. ಅಪ್ಪನ ಧರ್ಮ ಬರೆಯಬೇಕಾದರೆ ಅಮ್ಮ ಆ ಧರ್ಮಕ್ಕೆ ಸೇರಲು ಸರ್ಕಾರ ಕೊಟ್ಟ ಅನುಮತಿ ಆದೇಶದ ತಾರೀಕು ಹಾಕಬೇಕು. ಅಂಥ ಆದೇಶವೇ ಇಲ್ಲ. ಇದೆ ಎಂದು ಬರೆದರೆ ಸುಳ್ಳು ಪ್ರಮಾಣ; ಕೆಲಸ ಹೋಗುತ್ತದೆ, ಮೂರು ವರ್ಷ ಜೈಲು. ಹುಟ್ಟಿದ ಧರ್ಮವನ್ನೇ ಬರೆದರೆ ಅಮ್ಮ ಟ್ಯಾಂಕಿನ ಕಡೆಗೆ ಹೋಗುತ್ತಾಳೆ, ಅಪ್ಪ ಅಮ್ಮನ ಮದುವೆ ಮದುವೆಯೇ ಅಲ್ಲವೆಂದಾಗುತ್ತದೆ, ಅಪ್ಪನ ಧರ್ಮ ನಮೂದಾಗಿರುವ ತನ್ನ ಗುರುತಿನ ಚೀಟಿಯೂ ಸುಳ್ಳಾಗುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಮಾಮ ಬಂದ. ಅಮ್ಮನ ಅಣ್ಣ, ತಂಗಿ ಮದುವೆಯಾದ ದಿನದಿಂದ ಈ ಹೊಸಿಲು ತುಳಿಯದವನು. ತಂಗಿಯ ಕಾಲ ಬಳಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಸೋದರಸೊಸೆಯನ್ನು ಅಡುಗೆಮನೆಗೆ ಕರೆದ.

"ನೋಡಮ್ಮ, ನಮ್ಮ ಕಡೆದೇ ಬರೆದುಬಿಡು. ಟ್ಯಾಂಕಿನ ಹತ್ರ ಅಜ್ಜಿ ಇದಾಳೆ, ಅಮ್ಮನ ಜೊತೆ ಮಗಳು ಇರ್ತಾಳೆ. ಯಾರಿಗೂ ತೊಂದ್ರೆ ಇಲ್ಲ."

"ನನಗಿದೆ ಮಾಮ."

"ನಂಗೂ ಅಂಗಡಿ ಇದೆ ಕಣಮ್ಮ. ಹೊರಗೆ ಕೂತಿದಾನಲ್ಲ, ಅವ್ನು ನಿನ್ನೆ ಸಂಜೆನೇ ಬಂದಿದ್ದ, ತಂಗಿ ಹೇಗಿದಾಳೆ ಅಂತ ವಿಚಾರಿಸೋಕೆ." ಮಾಮ ಕೈಯೊರೆಸಿಕೊಂಡ. ಕೈ ಒದ್ದೆಯೇನೂ ಆಗಿರಲಿಲ್ಲ. "ನಿನ್ನೆ ಅವಳಿನ್ನೂ ಬದುಕಿದ್ಲು."

*

ಹನ್ನೊಂದು ವರ್ಷದವಳಿದ್ದಾಗ ಅವಳು ಊಟದ ಡಬ್ಬಿ ಹಿಡಿದು ಕೋರ್ಟಿನ ಜಗಲಿಗೆ ಹೋಗಿದ್ದಳು. ಕಪ್ಪು ಕೋಟಿನ ವಕೀಲನೊಬ್ಬ ಅಮ್ಮನ ಮುಂದೆ ಕಾಗದ ಬಿಸಾಕಿ ನಿಂತಿದ್ದ.

"ಜೂನಿಗೆ ಮೂವತ್ತೊಂದು ದಿನ ನಿಮ್ಮಪ್ಪ ಕೊಟ್ನೇನಮ್ಮ? ವಾಪಸ್ ಬಂತು ನೋಡು. ಮತ್ತೆ ಮೊದಲಿಂದ ಅಲೀಬೇಕು ಇವರು."

"ತಪ್ಪಾಯ್ತು ಸಾರ್. ಬೆರಳು ಜಾರ್ತು," ಎಂದು ಅಮ್ಮ ತಲೆ ತಗ್ಗಿಸಿದಳು. ಸುತ್ತ ನಿಂತವರು ನಕ್ಕರು. ಟೈಪಮ್ಮನ ಕ್ಯಾಲೆಂಡರೇ ಬೇರೆ ಎಂದ ಒಬ್ಬ. ಯಾರ ಅರ್ಜಿಯೋ, ಆ ಹುಡುಗ ಹುಡುಗಿ ಮಾತ್ರ ನಗದೆ ಗೋಡೆಗೆ ಒರಗಿಕೊಂಡಿದ್ದರು.

ಅಂದು ಮಗಳು ಡಬ್ಬಿ ಅಲ್ಲೇ ಇಟ್ಟು ಓಡಿ ಬಂದಳು. ಸಂಜೆ ಅಮ್ಮನ ಮುಷ್ಟಿ ಮಡಚಿಸಿ, ಗೆಣ್ಣಿನ ಮೇಲೆ ಮೂವತ್ತೊಂದು, ಸಂದಿಯಲ್ಲಿ ಮೂವತ್ತು ಎಂದು ತಿಂಗಳು ಎಣಿಸಲು ಕಲಿಸಿದಳು. ಅಮ್ಮ ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಜನವರಿಯಿಂದ ಡಿಸೆಂಬರಿನವರೆಗೂ ಎರಡು ಸಲ ಒಪ್ಪಿಸಿದಳು. ಗಡಿಯಾರ ರಿಪೇರಿಯ ಅಪ್ಪ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ನಕ್ಕ: "ನಾನು ಗಂಟೆ ಸರಿ ಮಾಡ್ತೀನಿ, ನಿಮ್ಮಮ್ಮ ದಿನ ಕೆಡಿಸ್ತಾಳೆ. ಇಬ್ಬರ ಹೊಟ್ಟೆಪಾಡೂ ಒಂದೇ."

ಮರುವಾರವೇ ಅಮ್ಮ ಇನ್ನೊಂದು ಅರ್ಜಿಯಲ್ಲಿ ಫೆಬ್ರವರಿ ಮೂವತ್ತು ಎಂದು ಟೈಪು ಮಾಡಿದಳು. ಅಮ್ಮನ ದಡ್ಡತನ ತನಗೆ ಅಂಟಬಾರದೆಂದೇ ಅವಳು ಲೆಕ್ಕದ ಟೀಚರಾದಳು. ಕೆಂಪು ಶಾಯಿಯಲ್ಲಿ ಇನ್ನೊಬ್ಬರ ತಪ್ಪು ಸುತ್ತುವಾಗ ಅವಳ ಕೈ ಎಂದೂ ಅಳುಕಿದ್ದಿಲ್ಲ.

*

"ಈಗ ಬರೀತೀಯೋ, ಇಲ್ಲ ಶವಾಗಾರದ ಗಾಡಿ ಬರಲಿ ಅಂತೀಯೋ?" ಸ್ಟಾಂಪಕ್ಕ ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿದಳು. ಅಮ್ಮನ ಕಪಾಟಿನಿಂದ ತೆಗೆದ ಕಾಗದವೊಂದನ್ನು ಮಗಳ ಮುಂದೆ ಬಿಡಿಸಿದಳು. ಅಪ್ಪ ಅಮ್ಮನ ಮದುವೆ ನೋಂದಣಿಯ ಅರ್ಜಿ. ಮದುವೆಯ ದಿನ: ಜೂನ್ 31. ಮೇಲೆ ಓರೆಯಾಗಿ ನೇರಳೆ ಮೊಹರು: ತಿದ್ದುಪಡಿಯಲ್ಲಿದೆ.

"ಇದಿನ್ನೂ..."

"ಮೂವತ್ತನಾಲ್ಕು ವರ್ಷದಿಂದ ತಿದ್ದುಪಡಿಯಲ್ಲೇ ಇದೆ. ತಿದ್ದುಪಡಿಯಲ್ಲಿರೋ ಕಾಗದವನ್ನ ಯಾರೂ ಮುಟ್ಟೋ ಹಾಗಿಲ್ಲ. ಹೌದು ಅನ್ನೋ ಹಾಗಿಲ್ಲ, ಅಲ್ಲ ಅನ್ನೋ ಹಾಗಿಲ್ಲ. ಮೊದಲನೇದು ನಿಜವಾಗ್ಲೂ ತಪ್ಪೇ ಕಣೇ. ಹೆದರಿ ಕೈ ನಡುಗ್ತಿತ್ತು ಅವಳಿಗೆ. ಆಮೇಲೆ ಅದರ ರುಚಿ ಗೊತ್ತಾಯ್ತು."

"ಉಳಿದವೆಲ್ಲ ಬೇಕಂತಲೇ?"

"ಮತ್ತಿನ್ನೇನು? ಸುಳ್ಳು ಅಂತ ಸಾಬೀತು ಮಾಡ್ಬೇಕಾದ್ರೆ ಆ ದಿನದ ದಾಖಲೆ ಪುಸ್ತಕ ತೆಗೆದು ನೋಡ್ಬೇಕು. ಇಲ್ಲದ ದಿನದ ಪುಸ್ತಕ ಎಲ್ಲಿಂದ ತೆಗೀತಾರೆ? ಎಷ್ಟು ಜನ ಆ ಸಂದಿಯಲ್ಲಿ ಸಂಸಾರ ಮಾಡಿ ಮಕ್ಕಳಿಗೆ ಮದುವೆ ಮಾಡಿದ್ರು." ಸ್ಟಾಂಪಕ್ಕ ಕಣ್ಣೊರೆಸಿಕೊಂಡಳು. "ನಿಂಗೆ ಹೇಳೋಣ ಅಂದ್ರೆ, ಬೇಡ, ಅವಳು ನಿಯಮದ ಹುಡುಗಿ, ಹೆದರ್ತಾಳೆ ಅಂತಿದ್ಲು."

ಮಗಳು ಹೆದರಿಯೇ ಇದ್ದಳು. ಧರ್ಮದ ಕಾಲಮಿನಲ್ಲಿ ಅಪ್ಪನದನ್ನು ಬರೆದಳು. ಅನುಮತಿ ಆದೇಶದ ತಾರೀಕಿಗೆ ಮದುವೆಯ ವರ್ಷವನ್ನೇ ಹಾಕಿದಳು; ಪೆನ್ನು ಏಪ್ರಿಲ್ ಎಂದು ಬರೆದು ನಿಂತಿತು. ಮೂವತ್ತು ಎಂದೇ ಬರೆಯಲು ಬೆರಳು ಎಳೆಯುತ್ತಿತ್ತು. ಗೆಣ್ಣು ಎಣಿಸಿದ ಇಪ್ಪತ್ತು ವರ್ಷದ ಅಭ್ಯಾಸ. ಹಣೆಯ ಬೆವರು ಕಾಗದದ ಮೇಲೆ ಬೀಳದಂತೆ ಹಿಂದೆ ಸರಿದು, ಎರಡು ಅಂಕಿ ಬರೆದಳು. ಮೂರು. ಒಂದು.

ಹುಟ್ಟಿದ ಮನೆಯ ಕಡೆಯವರೊಬ್ಬರ ಸಹಿ ಬೇಕಿತ್ತು. ಮಾಮ ಕಾಗದವನ್ನು ದೂರ ಹಿಡಿದ.

"ಓದಿ ಮಾಮ."

"ಕನ್ನಡಕ ತಂದಿಲ್ಲಮ್ಮ," ಎಂದ. ಕನ್ನಡಕ ಅವನ ಅಂಗಿಯ ಜೇಬಿನಲ್ಲೇ ಇತ್ತು. "ಎಲ್ಲಿ ಹಾಕ್ಬೇಕು ಅಂತ ಬೆರಳಿಟ್ಟು ತೋರ್ಸು ಸಾಕು."

*

ವಾರ್ಡ್ ಆಫೀಸಿನ ಕೌಂಟರಿನಾಚೆ ಗುಮಾಸ್ತೆ ಪೆನ್ನಿನ ತುದಿಯನ್ನು ಒಂದೊಂದೇ ಸಾಲಿನ ಕೆಳಗೆ ಎಳೆಯುತ್ತ ಬಂದಳು. ಸಮಿತಿಯವನು ಮಗಳ ಹೆಗಲ ಹಿಂದೆಯೇ ನಿಂತಿದ್ದ. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು. ತಾರೀಕಿನ ಕೆಳಗೆ ಪೆನ್ನು ನಿಂತಿತು. ಗುಮಾಸ್ತೆ ತಲೆಯೆತ್ತಿ ಮಗಳ ಮುಖ ನೋಡಿದಳು, ಸತ್ತವರ ಕಸುಬು ಎಂಬಲ್ಲಿ ಬರೆದಿದ್ದ ಕೋರ್ಟಿನ ಟೈಪಿಸ್ಟ್ ಎಂಬುದನ್ನು ನೋಡಿದಳು.

"ಪರಿಶೀಲನೆ ಆಮೇಲೆ. ತಪ್ಪಿದ್ರೆ ನೋಟಿಸು ಬರುತ್ತೆ," ಎಂದು ಗುಮಾಸ್ತೆ ಯಾರಿಗೂ ಹೇಳದವಳಂತೆ ಹೇಳಿ ಮೊಹರು ಒತ್ತಿದಳು. ಸ್ವೀಕರಿಸಲಾಗಿದೆ. ಹೂಳಲು ಅಷ್ಟು ಸಾಕಿತ್ತು.

"ಒಂದು ಫೋಟೋ ತಗೋತೀನಿ ಟೀಚರ್," ಎಂದ ಸಮಿತಿಯವನು. "ನಮ್ಮ ಕಡತಕ್ಕೆ."

ಬೇಡವೆನ್ನುವ ಹಾಗಿರಲಿಲ್ಲ. ಅವಳು ಕಾಗದ ಹಿಡಿದು ನಿಂತಳು; ಅವನು ಎರಡು ಸಲ ಒತ್ತಿದ, ಒಮ್ಮೆ ಕಾಗದಕ್ಕೆ, ಒಮ್ಮೆ ಅವಳಿಗೆ.

ಹಳಿಯ ಪಕ್ಕದ ನೆಲದಲ್ಲಿ ಕೋರ್ಟಿನ ಜಗಲಿಯ ಜನ ಮುಂಚೆಯೇ ಬಂದು ನಿಂತಿದ್ದರು. ಬಹಳ ಜನವೇನಲ್ಲ, ಜೋಡಿ ಜೋಡಿಯಾಗಿ ಹತ್ತು ಹನ್ನೆರಡು ಮಂದಿ. ಗುರುತಿಲ್ಲದ ಮಧ್ಯವಯಸ್ಸಿನ ಹೆಂಗಸೊಬ್ಬಳು ಮಗಳ ಕೈ ಹಿಡಿದು, "ನಮ್ಮದು ನವೆಂಬರ್ ಮೂವತ್ತೊಂದು," ಎಂದಷ್ಟೇ ಹೇಳಿ ಗಂಡನ ಪಕ್ಕಕ್ಕೆ ಹೋದಳು. ಯಾವ ಕಡೆಯ ಪ್ರಾರ್ಥನೆ ಹೇಳಬೇಕೆಂದು ಯಾರಿಗೂ ತಿಳಿಯದೆ ಎಲ್ಲರೂ ಸುಮ್ಮನಿದ್ದರು. ಅಮ್ಮನನ್ನು ಅಪ್ಪನ ಪಕ್ಕಕ್ಕೆ ಇಳಿಸಿದರು.

"ಟೀಚರ್," ಎಂದ ಸಮಿತಿಯವನು ಗೇಟಿನ ಹತ್ತಿರದಿಂದ, ಮೊದಲಿನಷ್ಟೇ ಮೃದುವಾಗಿ. "ಆ ಆದೇಶದ ದಿನ ಯಾವ ವಾರ ಬರುತ್ತೆ? ಭಾನುವಾರ ಆಗಿದ್ರೆ ಆಫೀಸೇ ಇರಲ್ಲ, ಆದೇಶ ಹೊರಡೋಕಾಗಲ್ಲ. ಸುಮ್ನೆ ನೋಡ್ತೀನಿ. ನೀವು ಮುಂದುವರಿಸಿ."

ಅವನು ಫೋನಿನಲ್ಲಿ ಕ್ಯಾಲೆಂಡರು ತೆರೆದು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸತೊಡಗಿದ. ಮೂವತ್ತನಾಲ್ಕು ವರ್ಷವೆಂದರೆ ನಾನೂರಕ್ಕೂ ಮೇಲೆ ತಿಂಗಳು, ಎಂದು ಅವಳ ತಲೆ ತಾನಾಗಿಯೇ ಲೆಕ್ಕ ಹಾಕಿತು. ಸೆಕೆಂಡಿಗೆ ಎರಡು ಸರಿಸಿದರೆ ಮೂರೂವರೆ ನಿಮಿಷ. ಗುದ್ದಲಿಯವನು ಅಂಗೈಗೆ ಉಗುಳಿಕೊಂಡು ನಿಧಾನವಾಗಿ ಹಿಡಿ ಹಿಡಿಯುತ್ತಿದ್ದ.

ಮಗಳು ಮಂಡಿಯೂರಿದಳು. ಎರಡೂ ತೋಳಲ್ಲಿ ಮಣ್ಣು ಬಾಚಿ ತಳ್ಳಿದಳು. ಸ್ಟಾಂಪಕ್ಕ ಕೂತಳು, ಮಾಮ ಕೂತ, ನವೆಂಬರಿನವಳೂ ಅವಳ ಗಂಡನೂ ಕೂತರು. ಮಣ್ಣು ಮೊದಲು ಬಟ್ಟೆಯ ಮೇಲೆ ಬಿದ್ದ ಸದ್ದು, ಆಮೇಲೆ ಮಣ್ಣಿನ ಮೇಲೆ ಮಣ್ಣು ಬಿದ್ದ ಸದ್ದು.

ಗೇಟಿನ ಬಳಿ ಹೆಬ್ಬೆರಳು ನಿಂತಿತು. ಒಂದು ತಿಂಗಳು ಮುಂದಕ್ಕೆ ಹೋಯಿತು. ಮತ್ತೆ ಒಂದು ತಿಂಗಳು ಹಿಂದಕ್ಕೆ ಬಂದಿತು.