ಬದುಕಿರುವವರ ಅಳತೆ

ಬೀದಿಯ ಕೊನೆಯಲ್ಲಿ ಶವಪೆಟ್ಟಿಗೆ ಮಾಡುವ ಬಡಗಿಯೊಬ್ಬನಿದ್ದ. ಎಲ್ಲರೂ ಅವನನ್ನು ಪೆಟ್ಟಿಗೆಯಣ್ಣ ಎನ್ನುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಎರಡನ್ನೂ ತಾನೇ ದುಡಿದು ಕಟ್ಟಿದ್ದ. ಹೆಂಡತಿ ತೀರಿಹೋಗಿದ್ದಳು. ಜೊತೆಗಿದ್ದವಳು ಸಾಕುಮಗಳು. ಅಂಬೆಗಾಲಿಡುವಾಗ ಬಂದವಳ ಕಿವಿಯಂಚಿನಲ್ಲಿ ಈಗ ಬಿಳಿಕೂದಲು. ಹಲಗೆ ಉಜ್ಜುವುದು, ಬಣ್ಣ ಹಚ್ಚುವುದು, ಅಪ್ಪನಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದು ಎಲ್ಲ ಅವಳೇ.

ಅವನ ಕಸುಬಿಗೊಂದು ಕಟ್ಟಳೆ ಇತ್ತು. ಸತ್ತವರ ಅಳತೆಯನ್ನು ದಾರದಲ್ಲಿ ತೆಗೆದು, ತಲೆಯ ಕಡೆಗೆ ಗಂಟು ಹಾಕಿ, ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಪೆಟ್ಟಿಗೆ ಹೊರಟ ದಿನ ಆ ದಾರವನ್ನು ಸುಡುತ್ತಿದ್ದ. ಬದುಕಿರುವವರ ಅಳತೆಯನ್ನು ಮಾತ್ರ ತೆಗೆಯಬಾರದು. ತೆಗೆದರೆ ಸಾವು ಅದರ ಜಾಡು ಹಿಡಿದು ಬರುತ್ತದೆ ಎಂದು ಅವನ ನಂಬಿಕೆ.

ಎದುರುಮನೆಯ ವಕೀಲಮ್ಮ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸ ಮಾಡುವವಳು. ಅವಳು ಉಯಿಲಿನ ಮಾತೆತ್ತಿದರೆ ಸಾಕು, ಇವನು ಗರಗಸ ಎತ್ತಿಕೊಳ್ಳುತ್ತಿದ್ದ.

"ಅಣ್ಣಾ, ನಿಮ್ಮ ನಂತರ ಈ ಮನೆ ಯಾರಿಗೆ ಅಂತ ಒಂದು ವಿಲ್ ಬರೆದಿಡಿ."

"ವಿಲ್ ಅಂದ್ರೆ ಬದುಕಿರೋನು ತನ್ನ ಅಳತೆ ತಾನೇ ಕೊಟ್ಟ ಹಾಗೆ. ನಾನೇನು ಸಾವಿಗೆ ಕಾಗದ ಹಾಕಿ ಕರೀಲಾ?"

"ಮಗಳ ಗತಿ?"

"ಅವಳು ನನ್ನ ಮಗಳು ಅಂತ ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತಿದ್ರೆ ಸಾಲದು ಅಣ್ಣಾ. ನೀವು ಕಾನೂನಿನ ಪ್ರಕಾರ ದತ್ತು ತಗೊಂಡಿಲ್ಲ. ಬರೆಯದೆ ಹೋದ್ರೆ ಎಲ್ಲಾ ನಿಮ್ಮ ತಮ್ಮನ ಮಗನ ಪಾಲಾಗಬಹುದು."

"ಅವನು ಒಳ್ಳೆಯವನು ಬಿಡಿ. ದೊಡ್ಡಪ್ಪಾ ಅಂತ ಬೆಣ್ಣೆ ಹಾಗೆ ಮಾತಾಡ್ತಾನೆ."

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮನೇನೂ ತೆಗೆದುಬಿಟ್ಟಾನು!" ಎಂದು ವಕೀಲಮ್ಮ ಎದ್ದು ಹೋದಳು.

ಒಂದು ಬೆಳಗ್ಗೆ ಪೆಟ್ಟಿಗೆಯಣ್ಣ ಅಂಗಡಿಗೆ ಬಂದಾಗ ಮೊಳೆಯ ಮೇಲೆ ದಾರವೊಂದು ನೇತಾಡುತ್ತಿತ್ತು.

ಅವನು ನಿಂತಲ್ಲೇ ನಿಂತ. ಹಿಂದಿನ ದಿನವಷ್ಟೇ ಒಂದು ಪೆಟ್ಟಿಗೆಯನ್ನು ತಾನೇ ಮುಟ್ಟಿಸಿ, ಕತ್ತಲಾದ ಮೇಲೆ ಬಂದು ಮಲಗಿದ್ದ. ಅದರ ದಾರ ಹೊರಡುವ ಮೊದಲೇ ಸುಟ್ಟಾಗಿತ್ತು. ಬೇರೆ ಯಾರೂ ಸತ್ತ ಸುದ್ದಿಯಿರಲಿಲ್ಲ. ಮಗಳು ಔಷಧಿ ತರಲು ಹೋಗಿದ್ದಳು. ಗಾಳಿಯಿಲ್ಲ, ಕಿಟಕಿಯ ಪರದೆಯೂ ಮಿಸುಕುತ್ತಿರಲಿಲ್ಲ. ಆದರೆ ದಾರ ಮೆಲ್ಲಗೆ ತೂಗುತ್ತಿರುವಂತೆ ಅವನಿಗೆ ಕಂಡಿತು.

ಕೆಳಗಿಳಿಸಿದ. ಎಳೆದಷ್ಟೂ ಬಂತು. ಸುರುಳಿ ಸುರುಳಿಯಾಗಿ ಪಾದದ ಮೇಲೆ ಬಿತ್ತು.

"ಇಷ್ಟುದ್ದದ ಹೆಣ ಯಾವುದಪ್ಪಾ ದೇವರೇ?"

ಭಯದಲ್ಲೂ ಕೈ ಕಸುಬನ್ನು ಮರೆಯಲಿಲ್ಲ. ಗಂಟನ್ನು ಹೊಸ್ತಿಲಿನ ಬಳಿ ಇಟ್ಟು, ಮೊಣಕಾಲಲ್ಲಿ ಸರಿಯುತ್ತಾ ದಾರ ಹಾಸಿದ. ಅದು ಹಲಗೆಗಳ ಪಕ್ಕದಿಂದ ನಡುಬಾಗಿಲು ದಾಟಿತು. ಅವನ ಮಂಚ ದಾಟಿತು. ಮಗಳ ಹಳೆಯ ಟ್ರಂಕು ದಾಟಿತು. ಹಿಂಗೋಡೆಯನ್ನು ಮುಟ್ಟಿ ಮುಗಿಯಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ.

ಆ ಹೆಣ ಯಾವುದೆಂದು ಹೊಳೆದಾಗ ಅವನು ಅದರ ಹೊಟ್ಟೆಯೊಳಗೇ ಮೊಣಕಾಲೂರಿ ಕುಳಿತಿದ್ದ.

ಮಗಳು ಬಾಗಿಲಲ್ಲಿ ಬಂದು ನಿಂತಳು. ನೆಲದ ಮೇಲಿನ ದಾರ ನೋಡಿ ಮುಖ ತಗ್ಗಿಸಿದಳು.

"ಯಾರಮ್ಮಾ ತೆಗೆದಿದ್ದು?"

"ನಿನ್ನೆ ನೀನಿಲ್ಲದಾಗ ಚಿಕ್ಕಪ್ಪನ ಮಗ ಬಂದಿದ್ದ. ಟೇಪು ತಂದಿಲ್ಲ, ಒಂದು ದಾರ ಕೊಡು ಅಂದ. ನಾನೇ ಕೊಟ್ಟೆ. ಒಂದು ತುದಿ ನನ್ನ ಕೈಲೇ ಹಿಡಿಸಿದ ಅಪ್ಪಾ. ಮನೆ ಕೊಳ್ಳೋರು ಯಾರನ್ನೋ ಕರ್ಕೊಂಡು ಬಂದು ತೋರಿಸಬೇಕಂತೆ, ಅಲ್ಲೇ ಇರಲಿ ಅಂತ ತುದಿಗೆ ಗಂಟು ಕಟ್ಟಿ ಮೊಳೆಗೆ ಹಾಕಿ ಹೋದ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮನೆಗೆ ಆಸೆಪಟ್ಟೆ ಅಂದ್ಕೋತೀಯ ಅಂತ... ಹೋಗುವಾಗ ಅವನು, 'ಅಕ್ಕಾ, ಆಮೇಲೆ ನೀವೆಲ್ಲಿ ಇರ್ತೀರಿ?' ಅಂದ. ಮರ್ಯಾದೆಯಿಂದಲೇ ಕೇಳಿದ."

ಪೆಟ್ಟಿಗೆಯಣ್ಣ ಬರಿಗಾಲಲ್ಲೇ ಬೀದಿ ದಾಟಿದ.

"ವಕೀಲಮ್ಮಾ, ನಾನು ಬರೀಲಿಲ್ಲ, ಆದ್ರೂ ಅಳತೆ ಆಗಿಹೋಯ್ತು. ಇವತ್ತೇ ಎಲ್ಲಾ ಅವಳ ಹೆಸರಿಗೆ ಮಾಡಿಬಿಡಿ!"

"ತಡೀರಿ ಅಣ್ಣಾ. ಊಟ ಮುಗಿಯೋ ಮೊದಲೇ ಯಾರಾದ್ರೂ ತಟ್ಟೆ ಎತ್ತಿ ಕೊಡ್ತಾರಾ? ದಾನಪತ್ರ ಮಾಡಿದ್ರೆ ಮನೆ ಇವತ್ತೇ ಕೈಬಿಟ್ಟು ಹೋಗುತ್ತೆ. ಹಾಗೆ ಕೊಡೋದೇ ಆದ್ರೆ, ಕೊನೇವರೆಗೂ ನೋಡಿಕೋಬೇಕು ಅನ್ನೋ ಷರತ್ತು ಅದರಲ್ಲೇ ಇರಬೇಕು. ವಿಲ್ ಹಾಗಲ್ಲ. ನೀವಿರೋವರೆಗೂ ಮನೆ ನಿಮ್ಮದೇ. ಮನಸ್ಸು ಬದಲಾದ್ರೆ ಬದಲಾಯಿಸಬಹುದು."

"ನನ್ನಂಥವನು ಬರೆದ್ರೆ ನಡೆಯುತ್ತಾ?"

"ನೀವೇ ದುಡಿದು ಕಟ್ಟಿದ್ದಲ್ವಾ, ನಡೆಯುತ್ತೆ. ಹಿರಿಯರಿಂದ ಬಂದ ಆಸ್ತಿಯಾಗಿದ್ರೆ ವಿಚಾರಿಸಬೇಕಿತ್ತು. ಬುದ್ಧಿ ನೆಟ್ಟಗಿರುವಾಗ, ಯಾರ ಒತ್ತಾಯವೂ ಇಲ್ಲದೆ ಬರೀಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಬೇಕು, ಅವರೂ ಸಹಿ ಹಾಕಬೇಕು. ನೋಂದಣಿ ಮಾಡಿಸಿದ್ರೆ ಇನ್ನೂ ಭದ್ರ."

ಪಕ್ಕದ ಬೇಕರಿಯವನೂ ಔಷಧಿ ಅಂಗಡಿಯವಳೂ ಸಾಕ್ಷಿಗೆ ಬಂದರು.

"ಸಹಿ ಹಾಕಿದ್ದಕ್ಕೆ ನನಗೇನಾದ್ರೂ ಬರುತ್ತಾ?" ಬೇಕರಿಯವನು ಹಲ್ಲುಕಿರಿದ.

"ಸಾಕ್ಷಿಗೆ ಏನೂ ಬರಬಾರದು ಮಾರಾಯಾ, ಅದಕ್ಕೇ ನಿನ್ನ ಕರೆದಿದ್ದು!" ಎಂದಳು ವಕೀಲಮ್ಮ.

ಪೆಟ್ಟಿಗೆಯಣ್ಣ ಅವರ ಮುಂದೆ ಸಹಿ ಮಾಡಿದ. ಮನೆಗೆ ಬಂದು ಆ ಉದ್ದದ ದಾರವನ್ನು ಸುಟ್ಟ. ಅದು ಉರಿದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಮರುದಿನ ತಾನು ಏಳುವುದಿಲ್ಲ ಎಂದೇ ಅಂದುಕೊಂಡು ಮಲಗಿದ.

ಬೆಳಗಾಯಿತು. ಕಣ್ಣು ಬಿಡಲು ಹೆದರಿ, ಮಲಗಿದಲ್ಲಿಂದಲೇ ಕೂಗಿದ:

"ಮಗಳೇ, ನಾನಿನ್ನೂ ಇದೀನಾ?"

"ಇದೀಯಪ್ಪಾ. ಎದ್ದು ಮಾತ್ರೆ ತಗೋ."

ಓದುತ್ತಿರುವ ಹಿರಿಯರೇ, ಕೇಳುತ್ತಿರುವ ಮಕ್ಕಳೇ, ಉಸಿರು ಕೊಟ್ಟವನು ದೇವರು, ಹಿಂದಕ್ಕೆ ಪಡೆಯುವವನೂ ಅವನೇ. ಕಾಗದ ಬರೆದರೆ ಅವನು ಅವಸರ ಮಾಡುವುದಿಲ್ಲ, ಬರೆಯದಿದ್ದರೆ ತಡ ಮಾಡುವುದೂ ಇಲ್ಲ. ನಿಮ್ಮನ್ನು ನೋಡಿಕೊಂಡ ಕೈಗಳು ನಾಳೆ ಬೀದಿಗೆ ಬೀಳದಂತೆ, ಮನಸ್ಸು ತಿಳಿಯಾಗಿರುವಾಗಲೇ ಉಯಿಲು ಬರೆದಿಡಿ. ತಿಳಿಯದಿದ್ದರೆ ಹತ್ತಿರದ ಕಾನೂನು ನೆರವು ಕೇಂದ್ರದಲ್ಲಿ ಕೇಳಿ. ಬದುಕಿರುವಾಗಲೇ ಎಲ್ಲವನ್ನೂ ಕೊಟ್ಟು ಬರಿಗೈಯಾಗಬೇಡಿ.

ಇವತ್ತು ಮನೆಯೊಳಗೆ ಹೋದಾಗ ಗೋಡೆಯ ಮೊಳೆಗಳನ್ನೊಮ್ಮೆ ನೋಡಿ. ನೀವು ಹಾಕದ ದಾರ ಯಾವುದಾದರೂ ಅಲ್ಲಿ ನೇತಾಡುತ್ತಿದೆಯೇ?