ನೀರು ಬಾಡಿಗೆಯಲ್ಲೇ ಸೇರಿದೆಯೆ?

ಕಹಕಶಾನ್ ಕೇಳಿದ ಪ್ರಶ್ನೆಗೆ ನಾನು ಸುಳ್ಳು ಉತ್ತರ ಕೊಡಲಿಲ್ಲ. ಪೂರ್ತಿ ಉತ್ತರವನ್ನೂ ಕೊಡಲಿಲ್ಲ.

ಹಗಲು ಒಂದು ಖಾಸಗಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಸಂಜೆ ಐದರಿಂದ ಆರರವರೆಗೆ ರಾಯಚೂರು ಬಸ್ ನಿಲ್ದಾಣದ ಹಿಂದಿನ ಒಂದು ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಆ ವಾರದ ಪಾಠ ಬಾಡಿಗೆ ಮನೆಯದು. ಬೋರ್ಡಿನ ಮೇಲೆ ಟೆನೆಂಟ್, ಲ್ಯಾಂಡ್‌ಲಾರ್ಡ್, ವೇಕೆಂಟ್, ಡಿಪಾಸಿಟ್, ನೋಟಿಸ್ ಎಂದೆಲ್ಲ ಬರೆದು ಒಂದೊಂದನ್ನೂ ಮೂರು ಮೂರು ಸಲ ಹೇಳಿಸಿದ್ದೆ. ಕೊನೆಗೆ ಮಾಲೀಕರನ್ನು ಕೇಳಬೇಕಾದ ಪ್ರಶ್ನೆಗಳು. ಈಸ್ ದ ಹೌಸ್ ವೇಕೆಂಟ್? ಈಸ್ ವಾಟರ್ ಇನ್‌ಕ್ಲೂಡೆಡ್?

"ಮೇಡಂ, ಅವ್ರು ನಮಗ ಕೇಳೋದು ಬರೀಲೇ ಇಲ್ಲಲ್ರಿ" ಎಂದಳು ಕಹಕಶಾನ್. "ನಿಮ್ಮ ಪೈಕಿ ಯಾವುದು, ಜಾತಿ ಯಾವುದು ಅಂತ ಕೇಳ್ತಾರಲ್ಲ, ಅದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ?"

ಕ್ಲಾಸು ನಕ್ಕಿತು. ನಾನು ಪುಸ್ತಕ ತಿರುವಿದಂತೆ ಮಾಡಿದೆ.

"ಈ ಪಾಠದಾಗ ಆ ಮಾತಿಲ್ಲ."

"ಅದಕ್ಕ ಮೇಡಂ ನಾ ಇಂಗ್ಲಿಷ್ ಕಲಿಯಾಕತ್ತಿದ್ದು. ಇಂಗ್ಲಿಷ್‌ನ್ಯಾಗ ಚಾಲೂ ಮಾಡಿದ್ರ ಮಾಲಕರು ಪೈಕಿ ಕೇಳಂಗಿಲ್ಲ. ಯಾಕಂದ್ರ ಕೇಳಾಕ ಅವ್ರಿಗೆ ಬರಂಗಿಲ್ಲ!"

ಅವಳು ಮಾನ್ವಿಯವಳು. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮುಂದಿನ ತಿಂಗಳು ಒಂದರಿಂದ ಅವಳ ಪಾಳಿ ಬದಲಾಗಿ ರಾತ್ರಿ ಹತ್ತಕ್ಕೆ ಬಿಡುವುದೆಂದು ಆಗಿತ್ತು. ಆ ಹೊತ್ತಿಗೆ ಮಾನ್ವಿಗೆ ಹೋಗುವುದು ಆಗದ ಮಾತು. ಅಷ್ಟರೊಳಗೆ ರೂಮು ಸಿಗದಿದ್ದರೆ ನೌಕರಿ ಬಿಟ್ಟು ಬಾ ಎಂದು ಅವಳ ತಾಯಿ ಅಕ್ಬರಿ ಬೇಗಂ ಹೇಳಿಬಿಟ್ಟಿದ್ದರು. ಹತ್ತು ದಿನ ಉಳಿದಿತ್ತು.

ನಾನು ಯಾಕೆ ಪೂರ್ತಿ ಉತ್ತರ ಕೊಡಲಿಲ್ಲವೆಂದರೆ, ಆ ಪ್ರಶ್ನೆ ಕೇಳಿಸಿಕೊಂಡು ಐದು ಮನೆಗಳ ಮೆಟ್ಟಿಲು ಇಳಿದವಳು ನಾನು. ಆರನೆಯ ಮನೆ ಸೂಗಮ್ಮನದು. ಅಲ್ಲಿ ಮಾತ್ರ ಆ ಪ್ರಶ್ನೆ ಬರಲಿಲ್ಲ.

"ಯಾವೂರವ್ವ?" ಎಂದಿದ್ದರು ಸೂಗಮ್ಮ.

"ದೇವದುರ್ಗ ತಾಲೂಕ್ರಿ. ಗೂಗಲ್."

"ಅಲ್ಲಮಪ್ರಭು ಊರು! ಹೆಸರು?"

"ಮೌನೇಶ್ವರಿ."

"ಮತ್ತಿನ್ನೇನು ಕೇಳೋದದ? ನಮ್ಮ ಪೈಕೀನ ಆದಿ. ಬಾ, ಮ್ಯಾಲ ಮನಿ ನೋಡು."

ಗೂಗಲ್ಲಿನಲ್ಲಿ ಗುಡಿಯಿದೆ, ನದಿಯಿದೆ, ಕೇರಿಯೂ ಇದೆ. ನಾನು ಕೇರಿಯವಳು. ನಮ್ಮಪ್ಪ ತಾಯಣ್ಣ ಕೂಲಿ ಮಾಡಿ ನನ್ನನ್ನು ಎಂ.ಎ. ಓದಿಸಿದವನು. ಮೌನೇಶ್ವರಿ ಎಂಬ ಹೆಸರನ್ನು ನಮ್ಮ ಕಡೆ ಎಲ್ಲ ಪೈಕಿಯವರೂ ಇಡುತ್ತಾರೆ. ನಲವತ್ತು ವರ್ಷದಿಂದ ಪೇಟೆಯಲ್ಲಿರುವ ಸೂಗಮ್ಮ ಇದನ್ನು ಮರೆತಿದ್ದರು, ಅಥವಾ ತಮಗೆ ಬೇಕಾದಷ್ಟನ್ನೇ ಕೇಳಿಸಿಕೊಂಡರು. ನಾನು ತಲೆಯಾಡಿಸಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೆಟ್ಟಿಲು ಹತ್ತಿ ಮನೆ ನೋಡಿದೆ.

ಅಂದಿನಿಂದ ಏಳು ತಿಂಗಳು ನಾನು ಆ ಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡೇ ಇದ್ದೆ. ಊರಿಂದ ಫೋನು ಬಂದರೆ ಕಿಟಕಿ ಮುಚ್ಚಿ ಮಾತಾಡುತ್ತಿದ್ದೆ. ಅವ್ವ ಕೊಟ್ಟು ಕಳಿಸಿದ್ದ ಬುದ್ಧನ ಫೋಟೊ ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿತ್ತು. ಮೊದಲ ದಿನ ಸೂಗಮ್ಮ ತಾವೇ ಮೇಲೆ ಬಂದು ನನ್ನ ಒಲೆಯ ಮೇಲೆ ಹಾಲು ಉಕ್ಕಿಸಿ, ಅರ್ಧ ಲೋಟ ತಾವು ಕುಡಿದು ಅರ್ಧ ನನಗೆ ಕೊಟ್ಟಿದ್ದರು.

ಆಮೇಲೆ ನೀರು. ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುತ್ತದೆ, ಅದೂ ಬೆಳಿಗ್ಗೆ ಒಂದು ತಾಸು. ಸೂಗಮ್ಮನಿಗೆ ಮೊಣಕಾಲು ನೋವು. ಮಗ ಹೈದರಾಬಾದಿನಲ್ಲಿ. "ಮೌನಾ, ನೀರು ಬಂದಾವ!" ಎಂದು ಕೆಳಗಿನಿಂದ ಕೂಗುತ್ತಿದ್ದರು. ನಾನು ಇಳಿದು ಮೊದಲು ಅವರ ಕೊಡಗಳನ್ನು ತುಂಬುತ್ತಿದ್ದೆ. ಅಡುಗೆಮನೆಯ ಆರು ಕೊಡ, ದೇವರ ಕೋಣೆಯ ಒಂದು ತಾಮ್ರದ ಬಿಂದಿಗೆ. "ನೀ ಜಳಕ ಮಾಡೇ ಇಳಿತೀಯಲ್ಲವ್ವ, ಅದಕ್ಕ ನಿನ್ನ ಕೈಲೆ ತುಂಬಸ್ತೀನಿ" ಎನ್ನುತ್ತಿದ್ದರು.

ಪಾಠ ಮುಗಿದು ವಾರ ಕಳೆದಿತ್ತು. ಒಂದು ಭಾನುವಾರ ಬೆಳಿಗ್ಗೆ ಸೂಗಮ್ಮನ ಕೊಡ ತುಂಬಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ. ಗೇಟಿನಲ್ಲಿ ಕಹಕಶಾನ್ ನಿಂತಿದ್ದಳು. ಹಿತ್ತಲ ಕಡೆಯ ರೂಮು ಖಾಲಿಯಾಗಿ ಸೂಗಮ್ಮ ಟು ಲೆಟ್ ಬೋರ್ಡು ತೂಗಿಹಾಕಿದ್ದರು. ನಾನು ಅಲ್ಲಿರುವುದು ಅವಳಿಗೆ ಗೊತ್ತಿರಲಿಲ್ಲ. ನನ್ನನ್ನು ಕಂಡು ಅವಳ ಮುಖ ಅರಳಿದ್ದು ನೋಡಿ ನನಗೆ ಭಯವಾಯಿತು.

"ಗುಡ್ ಮಾರ್ನಿಂಗ್ ಆಂಟಿ" ಎಂದಳು ಸೂಗಮ್ಮನಿಗೆ. "ಈಸ್ ದ ರೂಮ್ ವೇಕೆಂಟ್?"

ಒಂದಕ್ಷರ ತಪ್ಪಿರಲಿಲ್ಲ. ತನಗೊಬ್ಬಳಿಗೇ ಎಂದಳು. ತಾನು ಯಾವ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆಂದಳು. ಡಿಪಾಸಿಟ್ ಕೇಳಿದಳು. "ಈಸ್ ವಾಟರ್ ಇನ್‌ಕ್ಲೂಡೆಡ್?" ಎಂದೂ ಕೇಳಿದಳು.

ಸೂಗಮ್ಮ ನನ್ನ ಕಡೆ ತಿರುಗಿದರು. "ಏನಂತವ್ವ ಇಕಿ? ಭಾಳ ಚೆಂದ ಮಾತಾಡ್ತಾಳ. ಹೆಸರೇನಂತ ಕೇಳು."

ಕೇಳಬೇಕಾಗಲಿಲ್ಲ. ಅವಳಿಗೆ ಕನ್ನಡ ಬರುತ್ತಿತ್ತಲ್ಲ. "ಮೈ ನೇಮ್ ಈಸ್ ಕಹಕಶಾನ್" ಎಂದಳು, ಪಾಠದಲ್ಲಿ ಹೇಳಿಕೊಟ್ಟ ಹಾಗೆಯೇ, ಬೆನ್ನು ನೆಟ್ಟಗೆ ಮಾಡಿಕೊಂಡು.

ಸೂಗಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದೇ ನನಗೆ ಇಂದಿಗೂ ಸಿಟ್ಟು ತರಿಸುವುದು. ಅದೇ ನಗು, ಅದೇ ದನಿ. "ಅವ್ರಿಗೆ ನಾವು ಕೊಡಂಗಿಲ್ಲಂತ ಹೇಳವ್ವ. ನಿನಗ ಇಂಗ್ಲಿಷ್ ಬರ್ತದಲ್ಲ, ಮನಸಿಗೆ ಹತ್ತದಂಗ ಚೊಲೋ ಮಾತಿನಾಗ ಹೇಳು."

ಮೂರು ಹೆಜ್ಜೆ ಆಚೆ ನಿಂತವಳಿಗೆ ಅದು ಕೇಳಿಸಿತ್ತು. ಆದರೂ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಮಾತುಗಳನ್ನು ಆರಿಸುವುದರಲ್ಲಿ ಹುಷಾರು ಎಂದು ಎಲ್ಲರೂ ಹೇಳುತ್ತಾರೆ. ಅಂದೂ ಆರಿಸಿದೆ.

"ಸಾರಿ, ಇಟ್ ಈಸ್ ಆಲ್ರೆಡಿ ಬುಕ್ಡ್."

"ಥ್ಯಾಂಕ್ಯೂ ಮೇಡಂ" ಎಂದಳು. ಗೇಟು ದಾಟಿದಳು. ನಾನು ಹಿಂದೆ ಓಡಿದೆ. ತಿರುವಿನಲ್ಲಿ ನಿಂತು ಅವಳು ಕನ್ನಡದಲ್ಲಿ ಕೇಳಿದಳು:

"ನೀವು ಕಲಿಸಿದ್ದೆಲ್ಲಾ ಬರೋಬರಿ ಹೇಳಿದೆ ಅಲ್ರಿ ಮೇಡಂ? ಯಾವ ಮಾತು ತಪ್ಪಿತು?"

"ಯಾವುದೂ ತಪ್ಪಿಲ್ಲ."

"ಮತ್ತ ನೀವ್ಯಾಕ ಸುಳ್ಳು ಹೇಳಿದ್ರಿ? ಆಕಿ ಹೇಳಿದ್ರ ನನಗ ರೂಢಿ ಅದ. ನೀವು ಹೇಳಬಾರದಿತ್ತು."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಸಮಾಧಾನ ಹೇಳಿ ನನ್ನ ಕೆಲಸ ಮುಗಿಸುತ್ತಿದ್ದೆನೇನೋ. ಅವಳು ನೋಟ್‌ಬುಕ್ ಎದೆಗೊತ್ತಿಕೊಂಡು ನಡೆದುಹೋದಳು. ಅದರ ರಟ್ಟಿನ ಮೇಲೆ ನನ್ನ ಹೆಸರೂ ಇತ್ತು, ಕಲಿಸುವವರು ಎಂಬ ಜಾಗದಲ್ಲಿ.

ಮನೆಗೆ ವಾಪಸು ಬಂದೆ. ಸೂಗಮ್ಮ ಕಟ್ಟೆಯ ಮೇಲೆ ಮೆಂತೆ ಸೊಪ್ಪು ಸೋಸುತ್ತ ಕುಳಿತಿದ್ದರು.

"ಹೋದ್ಲೇನು? ಚೊಲೋ ಹುಡುಗಿ ಪಾಪ. ಆದ್ರ ಏನ್ ಮಾಡೋದವ್ವ, ಒಂದಾ ನಲ್ಲಿ, ಒಂದಾ ಹಿತ್ತಲ. ನಾಳೆ ನನ್ನ ಕೊಡ ಮುಟ್ಟಿದ್ರ? ನೀ ನಮ್ಮಕಿ, ನಿನಗ ತಿಳಿತದ."

"ಅಮ್ಮಾ, ನಾ ನಿಮ್ಮಕಿ ಅಲ್ರಿ."

"ಹಾಂ?"

"ಗೂಗಲ್‌ದಾಗ ನಮ್ಮದು ಕೇರಿ ಮನಿ ರೀ. ನಮ್ಮಪ್ಪ ತಾಯಣ್ಣ. ನಾವು ಬುದ್ಧಗ ನಡಕೊಳ್ಳೋರು. ನಿಮ್ಮ ಕೊಡ ಏಳು ತಿಂಗಳಿಂದ ನಾನಾ ಮುಟ್ಟಾಕತ್ತೀನಿ."

ಮೆಂತೆಯ ಕಡ್ಡಿ ಅವರ ಬೆರಳಲ್ಲೇ ನಿಂತಿತು. ಬಹಳ ಹೊತ್ತು ಅವರು ನನ್ನ ಕೈಗಳನ್ನು ನೋಡಿದರು, ಮುಖವನ್ನಲ್ಲ.

"ಯಾಕ ಮುಚ್ಚಿಟ್ರಿ?"

ಏಳು ತಿಂಗಳಲ್ಲಿ ಮೊದಲ ಸಲ ಅವರು ನನಗೆ ಬಹುವಚನ ಹಚ್ಚಿದ್ದರು. ಅದರಲ್ಲಿ ಗೌರವವಿರಲಿಲ್ಲ.

"ನೀವು ಕೇಳಲಿಲ್ಲ. ನೀವಾ ಹೇಳಿಕೊಂಡ್ರಿ. ಅಲ್ಲ ಅನ್ನಾಕ ನನಗ ಧೈರ್ಯ ಆಗಲಿಲ್ಲ, ಅದು ನನ್ನ ತಪ್ಪು. ಆ ಹುಡುಗಿಗೆ ಸುಳ್ಳು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು."

"ದೇವರ ಬಿಂದಗಿ..." ಎಂದು ನಿಲ್ಲಿಸಿದರು. ಆಮೇಲೆ, "ಮನಿ ಖಾಲಿ ಮಾಡ್ರಿ. ಇವತ್ತಾ."

ಮಾತು ಸಿದ್ಧವಾಗಿತ್ತು, ಯಾಕೆಂದರೆ ಅದನ್ನು ನಾನು ಕ್ಲಾಸಿನಲ್ಲಿ ಮೂರು ಮೂರು ಸಲ ಹೇಳಿಸಿದ್ದೆ. ನಮ್ಮ ಕರಾರುಪತ್ರ ಕೋರ್ಟಿನ ಎದುರಿನ ಟೈಪಿಸ್ಟ್ ಮಾಡಿಕೊಟ್ಟದ್ದು. ಅವನ ಬಳಿ ಇಂಗ್ಲಿಷಿನ ಒಂದೇ ಹಳೆಯ ನಮೂನೆ. ಎಲ್ಲರಿಗೂ ಹೆಸರು, ವಿಳಾಸವಷ್ಟೇ ಬದಲಿಸಿ ಕೊಡುತ್ತಾನೆ. ಮಾಲೀಕರೂ ಓದುವುದಿಲ್ಲ, ಬಾಡಿಗೆಯವರೂ ಓದುವುದಿಲ್ಲ. ನಾನು ಓದಿದ್ದೆ. ಅದರ ಮೇಲೆ ಸೂಗಮ್ಮನ ಕನ್ನಡ ಸಹಿಯಿತ್ತು.

"ಕರಾರಿನ್ಯಾಗ ಒಂದು ತಿಂಗಳ ನೋಟಿಸ್ ಅಂತ ಅದರಿ. ಬರದು ಕೊಡಬೇಕು. ಯಾಕ ಬಿಡಸ್ತೀರಿ ಅನ್ನೋ ಕಾರಣಾನೂ ಬರೀಬೇಕು. ನೀವು ಬರದ ದಿನದಿಂದ ಒಂದು ತಿಂಗಳಿಗೆ ಖಾಲಿ ಮಾಡ್ತೀನಿ."

"ಕಾರಣ ಬರೀಬೇಕಾ?"

"ಹೌದ್ರಿ. ಈಗ ನನಗ ಹೇಳಿದ್ದಾ ಬರೀರಿ. ಚೊಲೋ ಮಾತು ಬ್ಯಾಡ, ಇದ್ದದ್ದಾ ಬರೀರಿ."

ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಸದ್ದು ಕೇಳಿಸಿತು. ನಾನು ಮೇಲಿನ ಗೋಡೆಯಿಂದ ಬಗ್ಗಿ ನೋಡಿದೆ. ನೋವಿನ ಕಾಲೆಳೆಯುತ್ತ ಸೂಗಮ್ಮ ಒಂದೊಂದೇ ಕೊಡವನ್ನು ದರದರ ಎಳೆದು ತಂದು ಗಟಾರಕ್ಕೆ ಸುರಿಯುತ್ತಿದ್ದರು. ಆರು ಕೊಡ. ಕೊನೆಗೆ ತಾಮ್ರದ ಬಿಂದಿಗೆ. ಬೆಳಿಗ್ಗೆ ನಾನು ಬೆನ್ನು ಬಗ್ಗಿಸಿ ತುಂಬಿದ ನೀರು, ಇನ್ನು ನಾಲ್ಕು ದಿನ ಬಾರದ ನೀರು, ಹಂದಿ ಹೊರಳಾಡುವ ಗಟಾರದಲ್ಲಿ ಹರಿದುಹೋಯಿತು. ನನ್ನನ್ನು ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಸಂಜೆ ಫಿಲ್ಟರ್ ನೀರಿನ ಎರಡು ಕ್ಯಾನ್ ಬಂದವು. ಅವನ್ನು ತುಂಬಿದವರು ಯಾವ ಪೈಕಿ, ಆಟೋದಲ್ಲಿ ತಂದು ಅಡುಗೆಮನೆಗೆ ಇಳಿಸಿದವನು ಯಾವ ಪೈಕಿ ಎಂದು ಸೂಗಮ್ಮ ಕೇಳಲಿಲ್ಲ. ನಾನು ಮೆಟ್ಟಿಲ ಮೇಲೇ ನಿಂತು ಕಾದೆ, ಕೇಳುತ್ತಾರೇನೋ ಎಂದು.

ಅಂದೇ ಕಹಕಶಾನ್‌ಗೆ ಫೋನು ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲ, "ಹೇಳ್ರಿ" ಎಂದಳು. ಹೇಳಿದೆ, ಎಲ್ಲವನ್ನೂ. ಕೇರಿಯನ್ನು, ಕೊಡವನ್ನು, ಗಟಾರವನ್ನು.

"ನನ್ನ ಮನೀಗೆ ಬಂದು ಇರು. ಜೋಡಿ ಯಾರನ್ನೂ ಇಟಗೋಬಾರದು ಅಂತ ಕರಾರಿನ್ಯಾಗ ಎಲ್ಲೂ ಇಲ್ಲ. ಓದೀನಿ."

"ಎಷ್ಟು ದಿನ?"

"ಆಕಿ ನೋಟಿಸ್ ಬರದ ಮ್ಯಾಲ ಒಂದು ತಿಂಗಳು. ಆಮ್ಯಾಲ ಇಬ್ಬರೂ ಕೂಡಿ ಹುಡುಕೋಣು."

"ನನ್ನ ಮ್ಯಾಲಿನ ಕನಿಕರಕ್ಕ ಕರಿಯಾಕತ್ತೀರೇನ್ರಿ?"

"ಅಲ್ಲ. ನನ್ನ ಮ್ಯಾಲಿನ ಸಿಟ್ಟಿಗೆ."

"ಹಂಗಾದ್ರ ಬರ್ತೀನಿ" ಎಂದಳು. "ಅಮ್ಮಿಗೆ ಮಾತ್ರ ಮನಿ ಮಾಲಕಿ ಭಾಳ ಚೊಲೋ ಅಂತ ನೀವಾ ಹೇಳ್ರಿ. ನಿಮಗ ಸುಳ್ಳು ಚೆಂದ ಬರ್ತಾವ."

ಆ ಮಾತು ನನಗೆ ತಕ್ಕದ್ದೇ ಆಗಿತ್ತು. ಅಕ್ಬರಿ ಬೇಗಂಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಅವರು ಒಂದೇ ಮಾತು ಕೇಳಿದರು: "ಬಾಗಲಿಗೆ ಚಿಲಕ ಗಟ್ಟಿ ಅದೇನವ್ವ?"

ಮಂಗಳವಾರ ಸಂಜೆ ಅವಳು ಒಂದು ಚೀಲ, ಒಂದು ಹಾಸಿಗೆ, ಎರಡು ಪ್ಲಾಸ್ಟಿಕ್ ಕೊಡಗಳೊಂದಿಗೆ ಬಂದಳು. ಸೂಗಮ್ಮ ಬಾಗಿಲಲ್ಲಿ ನಿಂತು ನೋಡಿದರು. ನೋಟಿಸ್ ಇನ್ನೂ ಬಂದಿರಲಿಲ್ಲ. ಮಗನಿಗೆ ಫೋನು ಮಾಡಿದ್ದು ನನಗೆ ಕೇಳಿಸಿತ್ತು. ಆ ಕಾರಣವನ್ನು ಮಾತ್ರ ಕಾಗದದ ಮೇಲೆ ಬರೆಯಬೇಡವೆಂದು ಅವನು ಹೇಳಿದ್ದ. ಬೇರೆ ಕಾರಣ ಅವರಿಬ್ಬರಿಗೂ ಹೊಳೆದಿರಲಿಲ್ಲ. ಬಾಡಿಗೆ ತಪ್ಪಿಸಿದವಳಲ್ಲ, ಗದ್ದಲ ಮಾಡಿದವಳಲ್ಲ. ಏಳು ತಿಂಗಳು ನಾನು ಅಂಜಿ ಅಂಜಿ ಬದುಕಿದ್ದರಿಂದ ಅವರ ಕೈಗೆ ಏನೂ ಸಿಕ್ಕಿರಲಿಲ್ಲ.

ಗುರುವಾರ ಬೆಳಿಗ್ಗೆ ನಲ್ಲಿ ಬಂತು.

"ಮೌನಾ, ನೀರು ಬಂ..." ಎಂದು ಕೂಗಿದ ದನಿ ಅರ್ಧಕ್ಕೆ ನಿಂತಿತು.

ನಾವಿಬ್ಬರೂ ನಮ್ಮ ಕೊಡ ಹಿಡಿದು ಇಳಿದೆವು. ಸೂಗಮ್ಮ ನಲ್ಲಿಯ ಬಳಿ ಖಾಲಿ ಕೊಡ ಇಟ್ಟುಕೊಂಡು ಗೋಡೆಗೆ ಒರಗಿದ್ದರು. ಒಂದು ಕೊಡ ತುಂಬಿ ಹೊರಚೆಲ್ಲುತ್ತಿತ್ತು. ಎತ್ತಲು ಆಗಿರಲಿಲ್ಲ. ನಾನು ಅದನ್ನು ಮುಟ್ಟಲಿಲ್ಲ. ಮುಟ್ಟದೆ ಹೇಗೆ ನಿಲ್ಲಬೇಕೆಂದು ತಿಳಿಯದೆ ನಿಂತೆ. ನನ್ನ ಕೈ ರೂಢಿಯಿಂದ ಮುಂದೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ.

ಸೂಗಮ್ಮ ನೆಲ ನೋಡುತ್ತ ಹೇಳಿದರು: "ಕುಡಿಯಾಕ ಕ್ಯಾನ್ ಅದ. ಎರಡು ಕೊಡ ಹಿತ್ತಲ ಬಚ್ಚಲಿಗೆ ಇಟ್ಟು ಹೋಗ್ರಿ. ಹೊರಗಿನ ಬಳಕಿಗೆ ನಡಿತದ."

ಹೊರಗಿನ ಬಳಕಿಗೆ ನಡಿತದ. ಕಾಲು ತೊಳೆಯುವ ನೀರಿಗೆ ನನ್ನ ಕೈ ಸಾಕು ಎಂದು, ಉಪಕಾರ ಮಾಡಿದಂತೆ ಹೇಳಿದ್ದರು.

"ನೋಟಿಸ್ ಬರದ್ರೇನ್ರಿ ಅಮ್ಮಾ?"

ಅವರು ಹೊರಚೆಲ್ಲುವ ಕೊಡವನ್ನು ತಾವೇ ಕಾಲಿನಿಂದ ಇಂಚಿಂಚೇ ಪಕ್ಕಕ್ಕೆ ಸರಿಸಿದರು. ಕಹಕಶಾನ್ ಮುಂದೆ ಬಂದು ನಲ್ಲಿಯ ಕೆಳಗೆ ತನ್ನ ಕೊಡವನ್ನಿಟ್ಟಳು. ನೀರು ತಳಕ್ಕೆ ಬಡಿಯುವ ಸದ್ದು ಹಿತ್ತಲ ತುಂಬ ಕೇಳಿಸಿತು.

"ಗುಡ್ ಮಾರ್ನಿಂಗ್ ಆಂಟಿ" ಎಂದಳು. "ಈಸ್ ವಾಟರ್ ಇನ್‌ಕ್ಲೂಡೆಡ್?"

ಸೂಗಮ್ಮ ಎಂದಿನಂತೆ ನನ್ನ ಕಡೆ ತಿರುಗಿದರು, ಏನಂದಳೆಂದು ಕೇಳಲು. ನಾನು ಕೊಡ ತುಂಬುವುದನ್ನೇ ನೋಡುತ್ತಿದ್ದೆ. ಅನುವಾದ ಮಾಡಲಿಲ್ಲ.