ಕಳಪೆ ಬೀಡಿ

"ನಿಮ್ಮವ್ವನ ಕಣ್ಣಿಗೇನು ಸಗಣಿ ಮೆತ್ತೈತೇನೇ? ಇದು ಬೀಡಿನಾ, ಸತ್ತ ಹಲ್ಲಿ ಬಾಲನಾ?"

ಮಸ್ತಾನಸಾಬ್ ನನ್ನ ಮುಖ ನೋಡಲಿಲ್ಲ. ಕಟ್ಟು ಬಿಚ್ಚಿ, ಇಪ್ಪತ್ತೈದರಲ್ಲಿ ಏಳು ಬೀಡಿ ಆರಿಸಿ, ಬೆನ್ನ ಹಿಂದಿನ ತಗಡಿನ ಡಬ್ಬಿಗೆ ಎಸೆದರು. ಇನ್ನೊಂದು ಕಟ್ಟಿನಿಂದ ಒಂಬತ್ತು. ಹರಿಹರದ ನಮ್ಮ ಕೇರಿಯ ಹೆಂಗಸರು ಕಟ್ಟುವ ಬೀಡಿಯೆಲ್ಲ ಕಂಪನಿಗೆ ಹೋಗುವುದು ಅವರ ಕೈ ದಾಟಿಯೇ. ಅವರು ಕಳಪೆ ಅಂದದ್ದಕ್ಕೆ ಕೂಲಿ ಇಲ್ಲ. ಕಳಪೆಯನ್ನು ವಾಪಸ್ಸೂ ಕೊಡುವುದಿಲ್ಲ. ಡಬ್ಬಿ ತುಂಬಿದ ದಿನ ಅದು ಬಸ್ ಸ್ಟ್ಯಾಂಡ್ ಹತ್ತಿರದ ಅವರ ಅಳಿಯನ ಅಂಗಡಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಯಾರೂ ಕೇಳುವುದಿಲ್ಲ.

"ಡಿಗ್ರಿ ಮಾಡೀಯಂತಲ್ಲ. ಬುಧವಾರ ನಿಮ್ಮಮ್ಮೀನೂ ಕರ್ಕಂಬಾ. ಕಂಪನಿ ಪುಸ್ತಕದಾಗೆ ಆಕಿ ಹೆಸರು ಹೊಡ್ದು ನಿಂದು ಬರೀತೀನಿ. ಕುರುಡಿ ಕಟ್ಟಿದ್ ಬೀಡಿ ನಂಗ್ ಬ್ಯಾಡ."

ನಾನು ತಲೆಯಾಡಿಸಿದೆ. ಮಾತು ಬರಲಿಲ್ಲ. ನನಗೆ ಯಾವಾಗಲೂ ಹಾಗೆಯೇ.

ಅಮ್ಮಿ ಇಪ್ಪತ್ತಾರು ವರ್ಷದಿಂದ ಕಟ್ಟುತ್ತಿದ್ದಾಳೆ. ನಾನು ಹೊಟ್ಟೆಯಲ್ಲಿದ್ದಾಗ ಎಲೆ ತಂಬಾಕಿನ ಮೊರ ತೊಡೆಯ ಮೇಲೆ ನಿಲ್ಲದೆ, ನನ್ನ ಮೇಲೆಯೇ ಒರಗಿಸಿ ಕಟ್ಟಿದಳಂತೆ. ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ. ಪುಸ್ತಕದಲ್ಲಿ ಹೆಸರಿದ್ದರೆ ಸರ್ಕಾರದ ಬೀಡಿ ಕಾರ್ಡು, ಕಾರ್ಡಿದ್ದರೆ ಬಿಟ್ಟಿ ಆಪರೇಷನ್ನು. ಹೆಸರು ಹೋದರೆ ಕಣ್ಣೂ ಹೋದಂತೆ.

ಸುದ್ದಿ ಕೇಳಿದಾಗ ಅಮ್ಮಿ ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಜಗಲಿಯಲ್ಲಿ ಜೊತೆಗೆ ಕೂತು ಕಟ್ಟುತ್ತಿದ್ದ ಪಕ್ಕದ ಮನೆ ಯಶೋದಕ್ಕನೇ ಬಾಯಿ ಬಿಟ್ಟಳು.

"ಮುಂಡೇಮಗ. ಕಣ್ಣು ತಿಂದೋನೂ ಅವ್ನೇ, ಕುರುಡಿ ಅನ್ನೋನೂ ಅವ್ನೇ."

"ಮತ್ತೆ ನೀನ್ಯಾಕ ಈ ಕೆಲ್ಸ ಬಿಡಲ್ಲ?" ಎಂದಳು ಅಮ್ಮಿ.

"ಬಿಟ್ಟು? ಗಾರೆ ಕೆಲ್ಸಕ್ಕೆ ಹೋಗ್ತಿದ್ದಾಗ ನನ್ ಗಂಡ ಸಂಜಿಗೆ ಸೀರಿ ಮೂಸಿ ನೋಡೋನು, ಯಾವನ ಬೆವರು ಅಂತ. ಈಗ ಬರೀ ತಂಬಾಕು ವಾಸ್ನಿ. ಮೂಸಿ ಮೂಸಿ ಸೀನ್ತಾನೆ ಬಾಡ್ಕೋವ್."

ಅಮ್ಮಿ ನಕ್ಕಳು. "ನಂಗೆ ನಿಕಾ ಆಗಿದ್ದೇ ಇದ್ರಿಂದ. ನೋಡಾಕ ಬಂದೋರು ಮುಖ ನೋಡ್ಲೇ ಇಲ್ಲ, ಮುಂದೆ ಮೊರ ಇಟ್ರು. ಒಂದು ತಾಸಿಗೆ ನೂರಾ ಹತ್ತು ಕಟ್ದೆ. ಇವಳಪ್ಪ ಅಲ್ಲೇ ಕುಬೂಲ್ ಅಂದ."

ನನ್ನ ಕಾರಣವನ್ನು ನಾನು ಹೇಳಲಿಲ್ಲ. ಬಿ.ಕಾಂ. ಮುಗಿಸಿ ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಆಡಿಟರ್ ಆಫೀಸಿಗೆ ಹತ್ತೊಂಬತ್ತು ದಿನ ಹೋಗಿದ್ದೆ. ಫೋನು ಹೊಡೆದುಕೊಂಡರೆ ನಾಲಿಗೆ ಒಣಗುತ್ತಿತ್ತು. ಕೊನೆಯ ದಿನ ಆಡಿಟರು ಎಲ್ಲರೆದುರು, "ಏನಮ್ಮಾ, ಬೀಡಿ ಕಟ್ಟೋರ ಮನೇಲಿ ಮಾತು ಕಲ್ಸಲ್ವಾ?" ಎಂದರು. ಅರ್ಜಿಯಲ್ಲಿ ತಾಯಿಯ ಉದ್ಯೋಗವನ್ನು ನಾನೇ ಬರೆದುಕೊಟ್ಟಿದ್ದೆ. ಎಲ್ಲರೂ ನಕ್ಕರು. ಮಾರನೆಯ ದಿನ ನಾನು ಬಸ್ಸು ಹತ್ತಲಿಲ್ಲ.

ಮೊರದ ಮುಂದೆ ಕೂತರೆ ಯಾರೂ ಮಾತು ಕೇಳುವುದಿಲ್ಲ. ಎಲೆಗೆ ಬೆರಳು ಸಾಕು. ಪುಸ್ತಕದಲ್ಲಿ ನನ್ನ ಹೆಸರು ಬರುತ್ತದೆ ಅಂದಾಗ ಒಳಗೆಲ್ಲೋ ಹಗುರಾಗಿತ್ತು. ಅಮ್ಮಿಯ ಕಣ್ಣು ಹೋಗುತ್ತದೆಂದು ಗೊತ್ತಿದ್ದೂ ಹಗುರಾಗಿತ್ತು. ಆ ರಾತ್ರಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹಗುರವಾಗಿಯೇ ಇತ್ತು.

ಬುಧವಾರ ಮಸ್ತಾನಸಾಬರ ಪಡಸಾಲೆಯಲ್ಲಿ ಹತ್ತು ಹದಿನೈದು ಹೆಂಗಸರು ಸಾಲಾಗಿ ಕೂತಿದ್ದರು. ಅವರು ಅಮ್ಮಿಯನ್ನು ಮುಂದೆ ಕರೆದರು.

"ಹಜೀರಾಬೀ, ಮನೇಲಿ ಕುಂತು, ಪರದೆ ಒಳಗೆ ಮಾಡೋ ಮರ್ಯಾದಿ ಕೆಲ್ಸ ಕೊಟ್ಟೀನಿ. ಈಗ ಮಗಳಿಗೂ ಕೊಡ್ತಿದೀನಿ. ಐದು ಹೊತ್ತೂ ನಂಗೆ ದುವಾ ಮಾಡ್ಬೇಕು ನೀನು."

"ಆಪರೇಷನ್ ಆಗೋ ತನ್ಕ ನನ್ ಹೆಸರು ಇರ್ಲಿ ಭಾಯ್. ಎರಡೇ ತಿಂಗ್ಳು."

"ಕುರುಡ್ರಿಗೆ ಧರ್ಮಶಾಲೆ ಇಟ್ಟೀನೇನು ಇಲ್ಲಿ?" ಅಮ್ಮಿಯ ಕಟ್ಟಿನಿಂದ ಒಂದು ಬೀಡಿ ಕಿತ್ತು ಅವಳ ಮುಖಕ್ಕೆ ಎಸೆದರು. ಅದು ಬುರ್ಖಾದ ಪರದೆಗೆ ತಾಗಿ ಕೆಳಗೆ ಬಿತ್ತು. "ಹೊಗೆ ಎಳೀತೈತೇನು ಇದು? ನಾಯೀನೂ ಮೂಸಲ್ಲ." ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. "ಏಯ್ ಡಿಗ್ರಿ, ಸೈನ್ ಹಾಕು. ಆಮೇಲೆ ಆಕಿ ಹೆಸರು ಹೊಡಿತೀನಿ."

ನಾನು ಪೆನ್ನು ತೆಗೆದುಕೊಂಡೆ. ನನ್ನ ಹೆಸರಿನ ಮೊದಲ ಅಕ್ಷರ 'ಮು' ಬರೆದೆ.

ಅಮ್ಮಿ ನೆಲ ತಡವುತ್ತಿದ್ದಳು. ಬೀಡಿ ಸಿಕ್ಕಿತು. ಧೂಳು ಊದಿ, ಮುಖದ ಪರದೆ ಎತ್ತಿ, ಅದನ್ನು ತುಟಿಗಿಟ್ಟಳು. ಆಮೇಲೆ ಅವರ ಊದಿನಕಡ್ಡಿಯ ಪಕ್ಕದಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು. ಒಂದು ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಬಾಯಿಗಿಟ್ಟವಳಲ್ಲ. ಕೆಮ್ಮಿದಳು, ಕಣ್ಣಲ್ಲಿ ನೀರು ಸುರಿಯಿತು, ಮತ್ತೆ ಎಳೆದಳು. ತುದಿ ಕೆಂಪಗೆ ಉರಿಯಿತು.

"ಯಾ ಅಲ್ಲಾ," ಎಂದಿತು ಸಾಲಿನಲ್ಲಿ ಯಾರದೋ ದನಿ.

"ಎಳೀತೈತೆ ಭಾಯ್," ಎಂದಳು ಅಮ್ಮಿ, ಹೊಗೆಯನ್ನು ಅವರ ಗಡ್ಡದ ಮೇಲೆಯೇ ಬಿಡುತ್ತ. "ಕುರುಡಿ ಕಟ್ಟಿದ್ದು. ಎಳೀತೈತೆ."

"ಥೂ ಬೇಷರಮ್! ಮುಸ್ಲಿಂ ಹೆಂಗ್ಸಾಗಿ..."

"ಹಜೀರಕ್ಕಾ, ನಂದೂ ಐತೆ ಆ ಡಬ್ಬ್ಯಾಗೆ." ಯಶೋದಕ್ಕ ಎದ್ದು ಮುಂದೆ ಬಂದಿದ್ದಳು. "ನಂಗೂ ಒಂದು ಹಚ್ಚು. ನೋಡೋಣು ಎಳೀತೈತೋ ಇಲ್ಲೋ."

ಅವಳ ಹಿಂದೆ ಸಾಲಿನಿಂದ ರಶೀದಾ ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಮಸ್ತಾನಸಾಬ್ ಡಬ್ಬಿಯನ್ನು ಎರಡೂ ಕೈಯಿಂದ ಬಾಚಿ ಎದೆಗೆ ಅಪ್ಪಿಕೊಂಡರು.

"ಮುಟ್ಟಬ್ಯಾಡ್ರೇ ಹಲ್ಕಟ್ ಮುಂಡೇರಾ! ನನ್ ಮಾಲದು!"

"ಈಗ ಮಾಲಾತೇನು?" ಎಂದಳು ಯಶೋದಕ್ಕ.

ಪುಸ್ತಕ ನನ್ನ ಮುಂದೆಯೇ ಇತ್ತು. ಹಜೀರಾಬೀ ಎಂಬ ಹೆಸರಿನ ಮೇಲೆ ಇನ್ನೂ ಗೆರೆ ಬಿದ್ದಿರಲಿಲ್ಲ. ನಾನು ಅದನ್ನು ಮುಚ್ಚಿ, ನೆಲದ ಮೇಲೆ ಹಾಕಿ, ಅದರ ಮೇಲೆ ಕೂತೆ.

"ಏಳೇ! ಏಳೇ ಮೇಲಕ್ಕೆ!"

ನಾನು ಏಳಲಿಲ್ಲ. ನನ್ನನ್ನು ಎಳೆದು ಎಬ್ಬಿಸಬೇಕೆಂದರೆ ಅವರು ಡಬ್ಬಿಯನ್ನು ಬಿಡಬೇಕಿತ್ತು.